‘ಆಫ್ಥಲ್ಮಾಲಜಿ’: ಎಲ್ಲಿ ಬಿಡಿಸಬೇಕು, ಎಲ್ಲಿ ಒತ್ತಿ ಹೇಳಬೇಕು?

ಪ್ರಶ್ನೆ: ನಾನು ಶ್ರೀನಿವಾಸಪುರ ತಾಲ್ಲೂಕಿನವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಈಗ ಕೋಲಾರದಲ್ಲಿ ಕಣ್ಣಿನ ವಿಭಾಗದ ಪ್ಯಾರಾಮೆಡಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ನಮ್ಮ ವಿಭಾಗದ ಹೆಸರೇ ನನಗೆ ಬಾಯಿಗೆ ಸರಿಯಾಗಿ ಬರುತ್ತಿಲ್ಲ. ಒಬ್ಬ ಮೇಡಂ ‘ಆಫ್ಥಲ್ಮಾಲಜಿ’ ಅಂತಾರೆ. ಒಬ್ಬ ಸರ್ ‘ಆಪ್ಥಲ್ಮಾಲಜಿ’ ಅಂತಾರೆ. ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ‘ಆಪ್ತಮಾಲಜಿ’. ಯಾವುದು ಸರಿ? ಪಠ್ಯಪುಸ್ತಕ ಈ ಪದವನ್ನು ಎರಡು ಭಾಗ ಮಾಡಿದೆ, ಡಿಕ್ಷನರಿ ಐದು ತುಂಡು ಮಾಡಿದೆ. ಒಂದಕ್ಕೊಂದು ಹೊಂದುವುದಿಲ್ಲ. ಒತ್ತು ಎಲ್ಲಿ ಕೊಡಬೇಕು? ಸಾಲಿನ ಕೊನೆಯಲ್ಲಿ ಪದ ಹಿಡಿಸದಿದ್ದರೆ ಎಲ್ಲಿ ಮುರಿಯಬೇಕು? ವೈವಾದಲ್ಲಿ (ಬಾಯಿ ಪರೀಕ್ಷೆಯಲ್ಲಿ) ನಾಲಿಗೆ ತೊಡರಿದರೆ ಮಾರ್ಕ್ಸ್ ಹೋಗುತ್ತಾ? ಇನ್ನೊಂದು ವಿಷಯ. ಕನ್ನಡದಲ್ಲಿ ಬರೆಯುವಾಗ ‘ಥ’ ಹಾಕಬೇಕಾ, ‘ತ’ ಹಾಕಬೇಕಾ?

ಉತ್ತರ: ನಿಮ್ಮ ಮೇಡಂ ಹೇಳುವುದೂ ಸರಿ, ಸರ್ ಹೇಳುವುದೂ ಸರಿ. ‘ಆಫ್-ಥಲ್-ಮಾ-ಲ-ಜಿ’ ಹಳೆಯ ರೂಪ, ಯಾರೂ ಬೆರಳು ತೋರಿಸುವ ಹಾಗಿಲ್ಲ. ‘ಆಪ್-ಥಲ್-ಮಾ-ಲ-ಜಿ’ ಅನ್ನುವುದನ್ನೂ ಇಂಗ್ಲಿಷಿನ ದೊಡ್ಡ ನಿಘಂಟುಗಳು ಅದರ ಪಕ್ಕದಲ್ಲೇ ಕೊಡುತ್ತವೆ. ಅಮೆರಿಕದವರು ಎರಡನೇ ತುಂಡಿನ ‘ಲ್’ ನುಂಗಿ ಹೇಳುವುದೂ ನಿಘಂಟಿನಲ್ಲಿ ದಾಖಲಾಗಿದೆ. ಹಾಗಾಗಿ ವಾರ್ಡಿನ ‘ಆಪ್ತಮಾಲಜಿ’ ಕೂಡ ನೀವು ಅಂದುಕೊಂಡಷ್ಟು ದೂರ ಹೋಗಿಲ್ಲ. ನಿಜವಾದ ತೊಂದರೆ ಬರುವುದು ಎರಡು ಕಡೆ. ಒಂದು ಸ್ಪೆಲಿಂಗು, ಇನ್ನೊಂದು ಒತ್ತು. ಎರಡಕ್ಕೂ ನೀವು ಹೈಸ್ಕೂಲಿನ ಕನ್ನಡ ಪಾಠದಲ್ಲಿ ಕಲಿತ ವ್ಯಾಕರಣ, ಛಂದಸ್ಸು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಕನ್ನಡ ಮೀಡಿಯಂ ಅಂತ ಹಿಂಜರಿಯಬೇಡಿ. ಈ ವಿಷಯದಲ್ಲಿ ಅದು ನಿಮಗೆ ಅನುಕೂಲವೇ.

ಪುಸ್ತಕಕ್ಕೂ ಡಿಕ್ಷನರಿಗೂ ಯಾಕೆ ಹೊಂದುವುದಿಲ್ಲ ಅನ್ನುವುದನ್ನು ಮೊದಲು ನೋಡೋಣ. ಪುಸ್ತಕ ಬಿಡಿಸುವುದು ಅರ್ಥಕ್ಕೆ. ಗ್ರೀಕಿನಲ್ಲಿ ‘ಒಫ್ಥಲ್ಮೊಸ್’ ಅಂದರೆ ಕಣ್ಣು. ‘ಲೊಗಿಯಾ’ ಅಂದರೆ ಒಂದು ವಿಷಯದ ಅಧ್ಯಯನ. ಎರಡೂ ಸೇರಿ ಕಣ್ಣಿನ ಶಾಸ್ತ್ರ ಆಯಿತು. ಡಿಕ್ಷನರಿ ಬಿಡಿಸುವುದು ಉಚ್ಚಾರಕ್ಕೆ. ಅದಕ್ಕೆ ಅರ್ಥದ ಗೊಡವೆ ಇಲ್ಲ. ಬಾಯಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಗೆರೆ ಎಳೆಯುತ್ತದೆ.

ಇದು ಇಂಗ್ಲಿಷಿನ ವಿಚಿತ್ರ ಅಂದುಕೊಳ್ಳಬೇಡಿ. ನಿಮ್ಮ ಊರು ಮಾವಿಗೆ ಹೆಸರುವಾಸಿ, ಅಲ್ವಾ? ‘ಮಾವಿನೆಲೆ’ ಅನ್ನುವ ಪದ ತೆಗೆದುಕೊಳ್ಳಿ. ಅರ್ಥಕ್ಕೆ ಬಿಡಿಸಿದರೆ ಮಾವಿನ + ಎಲೆ. ಹೇಳುವಾಗ ಮಾ-ವಿ-ನೆ-ಲೆ. ಈ ‘ನೆ’ ಯಾರದು? ಅದರ ‘ನ್’ ಮೊದಲ ಪದದ್ದು, ‘ಎ’ ಎರಡನೇ ಪದದ್ದು. ಲೋಪಸಂಧಿ ಆಗಿ ಎರಡೂ ಒಂದೇ ಅಕ್ಷರದೊಳಗೆ ಸೇರಿಕೊಂಡಿವೆ. ಅರ್ಥದ ಗಡಿ ಅಕ್ಷರದ ಹೊಟ್ಟೆಯೊಳಗೆ ಬಿದ್ದಿದೆ. ‘ಆಫ್ಥಲ್ಮಾಲಜಿ’ಯ ‘ಮಾ’ ಕೂಡ ಹೀಗೇ. ಅದರ ‘ಮ್’ ಕಣ್ಣಿನ ಪದದ್ದು. ಅದರ ಸ್ವರ ಎರಡು ಪದಗಳನ್ನು ಬೆಸೆಯಲು ಬಂದ ‘ಒ’. ಆಮೇಲಿನ ‘ಲ್’ ಅರ್ಥದ ಲೆಕ್ಕದಲ್ಲಿ ‘ಲೊಗಿಯಾ’ದ ಮೊದಲ ವ್ಯಂಜನ. ಇಂಗ್ಲಿಷ್ ಡಿಕ್ಷನರಿಯ ಮುರಿತದಲ್ಲಿ ಅದೂ ಹಿಂದಿನ ತುಂಡಿಗೇ ಅಂಟಿಕೊಳ್ಳುತ್ತದೆ. ಒತ್ತು ಬಿದ್ದ ಗಿಡ್ಡ ಸ್ವರ ಮುಂದಿನ ವ್ಯಂಜನವನ್ನು ಹಿಡಿದುಕೊಳ್ಳುತ್ತದೆ ಅನ್ನುವುದು ಅವರ ಪದ್ಧತಿ. ಅದಕ್ಕೇ ನಿಮ್ಮ ಡಿಕ್ಷನರಿಯಲ್ಲಿ ಆ ತುಂಡು ‘ಮಾಲ್’ ಅಂತ ಇರುತ್ತದೆ, ಮುಂದೆ ಒಂದು ಒಂಟಿ ‘ಒ’, ಆಮೇಲೆ ‘ಜಿ’.

ಹೆಲಿಕಾಪ್ಟರ್ ಪದವನ್ನೂ ನೋಡಿ. ಎಲ್ಲರೂ ಹೆಲಿ-ಕಾಪ್ಟರ್ ಅಂತ ಬಿಡಿಸುತ್ತಾರೆ. ಗ್ರೀಕಿನ ಪ್ರಕಾರ ಅದು ‘ಹೆಲಿಕೊ’ ಮತ್ತು ‘ಪ್ಟೆರೊನ್’. ಸುರುಳಿ ಮತ್ತು ರೆಕ್ಕೆ. ಅರ್ಥದ ಗಡಿ ‘ಕೊ’ ಆದಮೇಲೆ ಇದೆ, ಬಾಯಿಯ ಗಡಿ ‘ಪ್’ ಆದಮೇಲೆ. ಈ ‘ಪ್ಟೆ’ ನಿಮಗೆ ಮುಂದೆ ಇನ್ನೊಮ್ಮೆ ಸಿಗುತ್ತದೆ, ನೆನಪಿಟ್ಟುಕೊಳ್ಳಿ.

ಈಗ ತುಂಡುಗಳ ವಿಷಯ. ಕನ್ನಡದಲ್ಲಿ ಬರೆದಾಗ ಆ, ಫ್ಥ, ಲ್ಮಾ, ಲ, ಜಿ ಅಂತ ಐದು ಅಕ್ಷರ ಕಾಣುತ್ತವೆ. ಹೇಳುವಾಗಲೂ ಐದೇ ತುಂಡು. ಆದರೆ ತುಂಡಿನ ಗಡಿ ಬೇರೆ. ನಮ್ಮ ಲಿಪಿಯಲ್ಲಿ ಎರಡು ವ್ಯಂಜನ ಒಟ್ಟಿಗೆ ಬಂದರೆ ಎರಡನ್ನೂ ಮುಂದಿನ ಸ್ವರಕ್ಕೆ ಕಟ್ಟಿ ಒತ್ತಕ್ಷರ ಮಾಡುತ್ತೇವೆ. ಬಾಯಿ ಹಾಗೆ ಮಾಡುವುದಿಲ್ಲ. ‘ಕಣ್ಣು’ ಅಂತ ಬರೆಯುವಾಗ ಕ, ಣ್ಣು. ನಿಧಾನವಾಗಿ ಹೇಳಿ ನೋಡಿ. ಕಣ್-ಣು ಅಂತ ಬರುತ್ತದೆ. ಮೊದಲ ಅರ್ಧ ಹಿಂದಕ್ಕೆ ಹೋಯಿತು. ‘ಒತ್ತಕ್ಷರದ ಹಿಂದಿನ ಅಕ್ಷರ ಗುರು’ ಅಂತ ಛಂದಸ್ಸಿನಲ್ಲಿ ಬಾಯಿಪಾಠ ಮಾಡಿದ್ದೀರಲ್ಲ, ಅದರ ಕಾರಣ ಇದೇ. ಆ ಅರ್ಧ ವ್ಯಂಜನ ಹಿಂದಿನ ಅಕ್ಷರದ ಮೇಲೆ ಭಾರ ಹಾಕುತ್ತದೆ. ಅದೇ ರೀತಿ ಆಫ್-ಥಲ್-ಮಾ-ಲ-ಜಿ.

ನಿಮ್ಮನ್ನು ತೊಡರಿಸುತ್ತಿರುವುದು ‘ಫ್ಥ’. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಪ್ರಾಚೀನ ಗ್ರೀಕಿನಲ್ಲಿ ಫೈ, ಥೀಟಾ, ಖೈ ಅಂತ ಮೂರು ಅಕ್ಷರ ಇದ್ದವು. ಆಗಿನ ಕಾಲಕ್ಕೆ ಅವು ನಮ್ಮ ಮಹಾಪ್ರಾಣ ಫ, ಥ, ಖ ಇದ್ದ ಹಾಗೇ ಇದ್ದವು. ‘ಫಲ’ ಅನ್ನುವಾಗ ತುಟಿ ಮುಚ್ಚಿ ಉಸಿರು ಬಿಟ್ಟು ಹೇಳುವ ಫ. ‘ಕಥೆ’ಯ ಥ. ರೋಮನ್ನರ ಲ್ಯಾಟಿನ್ನಿನಲ್ಲಿ ಈ ಮಹಾಪ್ರಾಣಗಳೇ ಇರಲಿಲ್ಲ. ಹಾಗಾಗಿ ಅವರು ಗ್ರೀಕ್ ಪದ ಬರೆಯುವಾಗ ಪಿ, ಟಿ, ಸಿ ಅಕ್ಷರಗಳ ಪಕ್ಕ ಒಂದೊಂದು ಎಚ್ ಇಟ್ಟರು. ಆ ಎಚ್ ಅಂದರೆ ‘ಇಲ್ಲಿ ಉಸಿರು ಇದೆ’ ಅನ್ನುವ ಗುರುತು. ಮುಂದೆ ಗ್ರೀಕಿನಲ್ಲೇ ಉಚ್ಚಾರ ಬದಲಾಯಿತು. ಫೈ ಅಕ್ಷರ ‘ಫ್ಯಾನ್’ನಲ್ಲಿ ಬರುವ ಹಾಗೆ ಹಲ್ಲು ತುಟಿ ಸೇರಿಸಿ ಊದುವ ಧ್ವನಿ ಆಯಿತು. ಥೀಟಾ ನಾಲಿಗೆ ಹಲ್ಲಿನ ನಡುವೆ ಬರುವ ಇಂಗ್ಲಿಷ್ ‘ಥ್ಯಾಂಕ್ಸ್’ನ ಧ್ವನಿ ಆಯಿತು. ಇಂಗ್ಲಿಷ್ ಇಂಥ ಪದಗಳಲ್ಲಿ ಈ ಎರಡು ಧ್ವನಿಗಳನ್ನೇ ಹೇಳುತ್ತದೆ. ಆದರೆ ಸ್ಪೆಲಿಂಗ್ ಮಾತ್ರ ರೋಮನ್ನರ ಕಾಲದ್ದೇ ಉಳಿಯಿತು.

ಆದ್ದರಿಂದ ಸ್ಪೆಲಿಂಗ್ ಹೀಗೆ ನೆನಪಿಡಿ: ಓ, ಪಿ-ಎಚ್, ಟಿ-ಎಚ್, ಎ-ಎಲ್, ಎಂ-ಓ-ಎಲ್, ಓ, ಜಿ-ವೈ. ಪಿ-ಎಚ್ ಒಂದು ಜೋಡಿ, ಟಿ-ಎಚ್ ಇನ್ನೊಂದು ಜೋಡಿ. ಎರಡು ಮಹಾಪ್ರಾಣ, ಎರಡು ಎಚ್. ಅತಿ ಹೆಚ್ಚು ಜನ ತಪ್ಪುವುದು ಮೊದಲ ಎಚ್ ಬಿಟ್ಟು ‘ಓ-ಪಿ-ಟಿ-ಎಚ್’ ಅಂತ ಬರೆಯುವುದರಲ್ಲಿ. ‘ಆಪ್’ ಅಂತ ಹೇಳಿ ಹೇಳಿ ಕೈಯೂ ಹಾಗೇ ಬರೆಯುತ್ತದೆ. ಇಂಗ್ಲಿಷ್ ತಾಯಿನುಡಿಯವರೂ ಇದೇ ತಪ್ಪು ಮಾಡುತ್ತಾರೆ. ಇನ್ನೊಂದು ತಪ್ಪು, ಎರಡನೇ ತುಂಡಿನ ಎಲ್ ಬಿಡುವುದು. ಬಾಯಲ್ಲಿ ‘ಲ್’ ಬಿಟ್ಟರೆ ನಡೆಯುತ್ತದೆ. ಬರೆಯುವಾಗ ಬಿಟ್ಟರೆ ನಡೆಯುವುದಿಲ್ಲ.

‘ಆಫ್’ ಹೋಗಿ ‘ಆಪ್’ ಯಾಕಾಯಿತು? ಹಲ್ಲು ತುಟಿಯ ಊದುವ ಧ್ವನಿ, ಅದರ ಬೆನ್ನಿಗೇ ನಾಲಿಗೆ ಹಲ್ಲಿನ ಊದುವ ಧ್ವನಿ. ನಡುವೆ ಎಲ್ಲೂ ನಿಲುಗಡೆ ಇಲ್ಲ. ಯಾವ ಬಾಯಿಗೂ ಇದು ಕಷ್ಟ. ಮೊದಲನೆಯದನ್ನು ‘ಪ್’ ಮಾಡಿಕೊಂಡರೆ ತುಟಿ ಒಮ್ಮೆ ಮುಚ್ಚಿ ಬಾಯಿಗೆ ಆಸರೆ ಸಿಗುತ್ತದೆ. ನಮಗೆ ಇನ್ನೊಂದು ಸೆಳೆತವೂ ಇದೆ. ಆಪ್ತ, ಗುಪ್ತ, ಸಪ್ತ, ತೃಪ್ತಿ ಎಲ್ಲ ನಮ್ಮ ಬಾಯಿಗೆ ರೂಢಿಯಾದ ಪದಗಳು. ‘ಫ್ಥ’ ಇರುವ ಕನ್ನಡ ಪದ ಒಂದೂ ಇಲ್ಲ. ಹೀಗಾಗಿ ನಾಲಿಗೆ ತನಗೆ ಗೊತ್ತಿರುವ ದಾರಿ ಹಿಡಿಯುತ್ತದೆ.

ಆದರೂ ‘ಆಫ್’ ರೂಪವನ್ನೇ ಕಲಿಯಿರಿ ಅನ್ನುತ್ತೇನೆ. ಕಾರಣ ಸ್ಪೆಲಿಂಗು. ಬಾಯಲ್ಲಿ ಫ್ ಇದ್ದರೆ ಕೈಯಲ್ಲಿ ಪಿ-ಎಚ್ ತಾನಾಗಿ ಬರುತ್ತದೆ. ಕನ್ನಡಿ ಮುಂದೆ ನಿಂತು ಮಾಡಿ. ಮೇಲಿನ ಹಲ್ಲು ಕೆಳತುಟಿಯ ಮೇಲೆ ಮೆಲ್ಲಗೆ ಇಟ್ಟು ‘ಆಫ್‌ಫ್‌ಫ್’ ಅಂತ ಎಳೆಯಿರಿ. ಊದುವುದನ್ನು ನಿಲ್ಲಿಸಬೇಡಿ. ಹಾಗೆ ಊದುತ್ತಿರುವಾಗಲೇ ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಅಂಚಿಗೆ ತಂದು ತುಟಿ ಬಿಟ್ಟುಬಿಡಿ. ಗಾಳಿಯ ಸದ್ದು ಸ್ವಲ್ಪ ಬದಲಾಗುತ್ತದೆ, ಆದರೆ ಕಡಿಯುವುದಿಲ್ಲ. ಆಗ ‘ಥಲ್’ ಹೇಳಿ. ಮೊದಲು ಎಳೆದು ಎಳೆದು, ಆಮೇಲೆ ವೇಗವಾಗಿ. ‘ಥ’ ನಿಮಗೆ ನಮ್ಮ ಕನ್ನಡದ ಥ ಹಾಗೆ ಬಂದರೂ ಚಿಂತೆ ಇಲ್ಲ. ಭಾರತದಲ್ಲಿ ಇಂಗ್ಲಿಷ್ ಮಾತಾಡುವ ಹೆಚ್ಚಿನವರು ಹಾಗೇ ಹೇಳುತ್ತಾರೆ, ಎಲ್ಲರಿಗೂ ಅರ್ಥವಾಗುತ್ತದೆ.

ಇದೇ ‘ಫ್ಥ’ ಇನ್ನೂ ಕೆಲವು ಕಡೆ ಇದೆ. ಗಂಟಲುಮಾರಿಗೆ ಡಿಫ್ಥೀರಿಯಾ ಅಂತಾರೆ. ಗಂಟಲಲ್ಲಿ ಚರ್ಮದಂಥ ಪೊರೆ ಕಟ್ಟುತ್ತದೆ. ಗ್ರೀಕಿನಲ್ಲಿ ‘ಡಿಫ್ಥೆರಾ’ ಅಂದರೆ ಹದ ಮಾಡಿದ ತೊಗಲು. 1826ರಲ್ಲಿ ಫ್ರಾನ್ಸಿನ ವೈದ್ಯ ಬ್ರೆಟೊನೊ ಆ ಪದದಿಂದ ಕಾಯಿಲೆಗೆ ಹೆಸರಿಟ್ಟರು. ಇದನ್ನೂ ಜನ ‘ಡಿಪ್ತೀರಿಯಾ’ ಅನ್ನುತ್ತಾರೆ, ನಿಘಂಟು ಅದನ್ನೂ ಒಪ್ಪಿದೆ. ಸ್ಪೆಲಿಂಗಿನಲ್ಲಿ ಮಾತ್ರ ಇಲ್ಲೂ ಎರಡು ಎಚ್ ಬೇಕು.

ನಿಮ್ಮ ವಿಭಾಗದಲ್ಲಿ ‘ಜೆರಾಫ್ಥಲ್ಮಿಯಾ’ ಬರುತ್ತದೆ. ವಿಟಮಿನ್ ಎ ಕಡಿಮೆಯಾಗಿ ಮಕ್ಕಳ ಕಣ್ಣು ಒಣಗುವ ಕಾಯಿಲೆ. ಇರುಳುಗಣ್ಣು ಇದರ ಮೊದಲ ಹಂತ. ಅರ್ಥಕ್ಕೆ ಬಿಡಿಸಿದರೆ ಜೆರ್ + ಆಫ್ಥಲ್ಮ್ + ಇಯಾ. ‘ಜೆರೊಸ್’ ಅಂದರೆ ಒಣಗಿದ್ದು. ಹೇಳುವಾಗ ಜೆ-ರಾಫ್-ಥಲ್-ಮಿ-ಯಾ. ಮತ್ತೆ ‘ರಾ’ದಲ್ಲಿ ಮಾವಿನೆಲೆಯ ಕಥೆಯೇ. ಸ್ಪೆಲಿಂಗ್ ಎಕ್ಸ್‌ನಿಂದ ಶುರುವಾಗುತ್ತದೆ, ‘ಕ್ಸ್’ ಅಂತ ಹೇಳಬೇಡಿ. ಪದದ ಮೊದಲಲ್ಲಿ ಬರುವ ಎಕ್ಸನ್ನು ಇಂಗ್ಲಿಷಿನವರು ಝಡ್ ಹಾಗೆ ಹೇಳುತ್ತಾರೆ. ಜೆರಾಕ್ಸ್ ಅಂಗಡಿಯ ಬೋರ್ಡ್ ನೆನಪಿಸಿಕೊಂಡರೆ ಸಾಕು, ಅದರ ಮೊದಲ ತುಂಡೂ ಇದೇ ‘ಜೆರೊಸ್’.

ಪದದ ಮೊದಲು ಬಂದರೆ ಬೇರೆ, ನಡುವೆ ಬಂದರೆ ಬೇರೆ ಅನ್ನುವ ಈ ಮಾತು ಮುಖ್ಯ. ಗ್ರೀಕಿನಲ್ಲಿ ಪ್ಟ, ಪ್ನ, ಗ್ನ ಇಂಥ ಜೋಡಿಗಳಿಂದ ಪದ ಶುರುವಾಗುತ್ತಿತ್ತು. ಇಂಗ್ಲಿಷಿನ ಬಾಯಿ ಅದನ್ನು ಒಪ್ಪುವುದಿಲ್ಲ, ಮೊದಲ ವ್ಯಂಜನವನ್ನು ಬಿಟ್ಟುಬಿಡುತ್ತದೆ. ರೆಪ್ಪೆ ಜೋತುಬೀಳುವುದಕ್ಕೆ ‘ಟೋಸಿಸ್’ ಅಂತಾರೆ. ಸ್ಪೆಲಿಂಗಿನಲ್ಲಿ ಮೊದಲು ಪಿ ಇದೆ, ಬಾಯಲ್ಲಿ ಇಲ್ಲ. ಅದೇ ಪದ ‘ಬ್ಲೆಫರಾಪ್ಟೋಸಿಸ್’ನ ನಡುವೆ ಬಂದಾಗ ಪಿ ಎದ್ದು ಬರುತ್ತದೆ. ಬ್ಲೆ-ಫ-ರಾಪ್-ಟೋ-ಸಿಸ್. ಆಗ ಪಿಗೆ ಹಿಂದಿನ ತುಂಡಿನಲ್ಲಿ ಜಾಗ ಸಿಗುತ್ತದೆ, ಅಷ್ಟೇ. ಕಣ್ಣಿನ ಬಿಳಿಭಾಗದಿಂದ ಕರಿಗುಡ್ಡೆಯ ಮೇಲೆ ಮಾಂಸ ಬೆಳೆದ ಹಾಗೆ ಕಾಣುವುದು ‘ಟೆರಿಜಿಯಂ’. ಅದು ‘ಚಿಕ್ಕ ರೆಕ್ಕೆ’. ಹೆಲಿಕಾಪ್ಟರಿನ ರೆಕ್ಕೆಯೇ ಇದು. ಅಲ್ಲಿ ಪಿ ಕೇಳುತ್ತದೆ, ಇಲ್ಲಿ ಕೇಳುವುದಿಲ್ಲ. ಕುಗ್ಗಿ ಹೋದ ಕಣ್ಣುಗುಡ್ಡೆಗೆ ‘ಥೈಸಿಸ್ ಬಲ್ಬೈ’ ಅನ್ನುತ್ತಾರೆ. ಅದರ ಸ್ಪೆಲಿಂಗ್ ಪಿ-ಎಚ್-ಟಿ-ಎಚ್‌ನಿಂದ ಶುರು. ನಿಮ್ಮನ್ನು ಕಾಡುವ ಅದೇ ‘ಫ್ಥ’. ಮೊದಲಲ್ಲಿ ಬಂದದ್ದರಿಂದ ‘ಫ್’ ಪೂರ್ತಿ ಬಿದ್ದುಹೋಯಿತು. ‘ಟೈಸಿಸ್’ ಅನ್ನುವವರೂ ಇದ್ದಾರೆ, ಅದೂ ಸರಿ.

ಇನ್ನು ಒತ್ತು. ಇಲ್ಲಿ ಒತ್ತು ಅಂದರೆ ಒತ್ತಕ್ಷರ ಅಲ್ಲ, ಒಂದು ತುಂಡನ್ನು ಉಳಿದವಕ್ಕಿಂತ ಜೋರಾಗಿ, ಸ್ವಲ್ಪ ಉದ್ದವಾಗಿ ಹೇಳುವುದು. ಕನ್ನಡದಲ್ಲಿ ನಾವು ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮನಾಗಿ ತೂಕ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಒಂದು ತುಂಡು ಮೇಲೆದ್ದು ಉಳಿದವು ಮಸುಕಾಗುತ್ತವೆ. ಗ್ರೀಕ್ ಮೂಲದ ಪದಗಳಲ್ಲಿ ಅದು ಎಲ್ಲಿ ಬೀಳುತ್ತದೆ ಅನ್ನುವುದಕ್ಕೆ ಒಂದು ಸೂತ್ರ ಇದೆ. ಸೂತ್ರ ಗ್ರೀಕರದ್ದಲ್ಲ, ಲ್ಯಾಟಿನ್ನಿನದು. ಈ ಪದಗಳೆಲ್ಲ ಲ್ಯಾಟಿನ್ ಮೂಲಕ ಯುರೋಪಿನ ವೈದ್ಯರ ಕೈಗೆ ಬಂದವು, ಅದಕ್ಕೆ.

ಸೂತ್ರ ಹೀಗಿದೆ. ಕೊನೆಯ ತುಂಡನ್ನು ಬಿಟ್ಟುಬಿಡಿ. ಕೊನೆಯಿಂದ ಎರಡನೆಯದನ್ನು ನೋಡಿ. ಅದು ಗುರು ಆಗಿದ್ದರೆ ಒತ್ತು ಅದರ ಮೇಲೆ. ಲಘು ಆಗಿದ್ದರೆ ಒಂದು ಹೆಜ್ಜೆ ಹಿಂದಕ್ಕೆ, ಕೊನೆಯಿಂದ ಮೂರನೆಯದರ ಮೇಲೆ. ಅಷ್ಟೇ. ಗುರು ಅಂದರೆ ನಿಮಗೆ ಗೊತ್ತಿರುವ ಗುರುವೇ: ದೀರ್ಘ ಸ್ವರ ಇರಬೇಕು, ಇಲ್ಲವೇ ಮುಂದೆ ಒತ್ತಕ್ಷರ ಇರಬೇಕು. ಪದ್ಯಕ್ಕೆ ಪ್ರಸ್ತಾರ ಹಾಕಿದ ಹಾಗೆ ಈ ಪದಗಳಿಗೂ ಹಾಕಬಹುದು. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಇದನ್ನು ಹೊಸದಾಗಿ ಕಲಿಸಬೇಕಾಗುತ್ತದೆ. ನೀವು ಆಗಲೇ ಕಲಿತಿದ್ದೀರಿ.

ಮೆಳ್ಳೆಗಣ್ಣಿಗೆ ‘ಸ್ಟ್ರಬಿಸ್ಮಸ್’. ಕೊನೆಯ ‘ಮಸ್’ ಬಿಡಿ. ಅದರ ಹಿಂದೆ ‘ಬಿ’. ಮುಂದೆ ‘ಸ್ಮ’ ಒತ್ತಕ್ಷರ ಇದೆ, ಆದ್ದರಿಂದ ಗುರು. ಒತ್ತು ‘ಬಿಸ್’ ಮೇಲೆ. ‘ಗ್ಲಾಕೋಮಾ’: ‘ಕೋ’ ದೀರ್ಘ, ಒತ್ತು ಅಲ್ಲೇ. ಗ್ರೀಕರು ಈ ಪದದ ಮೊದಲ ತುಂಡಿಗೆ ಒತ್ತು ಕೊಡುತ್ತಿದ್ದರು, ಆದರೆ ಈಗ ನಡೆಯುವುದು ಲ್ಯಾಟಿನ್ ಲೆಕ್ಕ. ‘ಟ್ರಕೋಮಾ’ಕ್ಕೂ ಹಾಗೇ. ‘ಮಯೋಪಿಯಾ’ದಲ್ಲಿ ‘ಯಾ’ ಬಿಟ್ಟರೆ ‘ಪಿ’ ಲಘು. ಹಿಂದಕ್ಕೆ ಹೋಗಿ, ‘ಯೋ’ ಮೇಲೆ ಒತ್ತು. ಚಾಳೀಸಿಗೆ ಹೇಳುವ ‘ಪ್ರೆಸ್ಬಯೋಪಿಯಾ’ದಲ್ಲೂ ‘ಯೋ’. ‘ಟೆರಿಜಿಯಂ’ನಲ್ಲಿ ‘ಜಿ’ ಲಘು, ಒತ್ತು ‘ರಿ’ ಮೇಲೆ.

ಈಗ ನಿಮ್ಮ ಪದ. ಆಫ್-ಥಲ್-ಮಾ-ಲ-ಜಿ. ‘ಜಿ’ ಬಿಡಿ. ‘ಲ’ ಲಘು. ಒಂದು ಹೆಜ್ಜೆ ಹಿಂದಕ್ಕೆ. ಒತ್ತು ‘ಮಾ’ ಮೇಲೆ. ಮೊದಲ ‘ಆಫ್’ಗೆ ಸಣ್ಣ ಒತ್ತು, ‘ಮಾ’ಗೆ ದೊಡ್ಡದು. ‘ಥಲ್’ ಈ ಎರಡರ ನಡುವೆ ಮಸುಕಾಗುತ್ತದೆ. ಅಮೆರಿಕದವರ ‘ಲ್’ ಬಿದ್ದುಹೋಗುವುದು ಇಲ್ಲೇ. ನಾವು ಸಾಮಾನ್ಯವಾಗಿ ‘ಥಾಲ್’ ಅಂತ ಎಳೆದು ಅಲ್ಲೇ ಜೋರು ಕೊಡುತ್ತೇವೆ. ಸರಿಪಡಿಸಿಕೊಳ್ಳಬೇಕಾದ್ದು ಇದೊಂದೇ.

ಅದೇ ಪದದ ಸಂಸಾರವನ್ನು ನೋಡಿದರೆ ಒತ್ತು ಹೇಗೆ ಜಾಗ ಬದಲಿಸುತ್ತದೆ ಅಂತ ಗೊತ್ತಾಗುತ್ತದೆ. ‘ಆಫ್ಥಲ್ಮಿಕ್’ನಲ್ಲಿ ಕೊನೆಯ ‘ಮಿಕ್’ ಬಿಟ್ಟರೆ ‘ಥಲ್’ ಗುರು, ಒತ್ತು ‘ಥಲ್’ಗೆ. ‘ಆಫ್ಥಲ್ಮೊಸ್ಕೋಪ್’ನಲ್ಲಿ ಕೊನೆಯ ‘ಸ್ಕೋಪ್’ ಇಡಿಯಾಗಿ ಬಿಡಿ, ಇಲ್ಲಿ ಅದರ ‘ಸ್’ ಹಿಂದಕ್ಕೆ ಹೋಗಿ ಭಾರ ಹಾಕುವುದಿಲ್ಲ; ಹಾಗಾಗಿ ‘ಮೊ’ ಲಘು, ಮತ್ತೆ ‘ಥಲ್’ಗೇ. ಆ ಉಪಕರಣದಿಂದ ಮಾಡುವ ಪರೀಕ್ಷೆ ‘ಆಫ್ಥಲ್ಮಾಸ್ಕೊಪಿ’ ಆದಾಗ ‘ಕೊ’ ಲಘು, ಒತ್ತು ‘ಮಾಸ್’ಗೆ ಜಾರುತ್ತದೆ. ಮೂಲ ಒಂದೇ. ಬಾಲ ಬದಲಾದ ಹಾಗೆ ಒತ್ತು ಓಡಾಡುತ್ತದೆ. ಅಂದಹಾಗೆ, ಆ ಉಪಕರಣವನ್ನು 1851ರಲ್ಲಿ ಜಗತ್ತಿನ ಮುಂದಿಟ್ಟ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅದಕ್ಕೆ ತಮ್ಮ ಭಾಷೆಯಲ್ಲಿ ‘ಕಣ್ಣಿನ ಕನ್ನಡಿ’ ಅಂತಲೇ ಹೆಸರಿಟ್ಟಿದ್ದರು. ಗ್ರೀಕ್ ಹೆಸರು ಆಮೇಲೆ ಬಂತು.

ಒಂದು ಎಚ್ಚರಿಕೆ. ಲಘು ಗುರು ನೋಡುವಾಗ ಕನ್ನಡ ಬರಹವನ್ನೇ ಪೂರ್ತಿ ನಂಬಬೇಡಿ. ಇಂಗ್ಲಿಷಿನ ಗಿಡ್ಡ ‘ಒ’ ಧ್ವನಿಯನ್ನು ನಾವು ‘ಡಾಕ್ಟರ್’, ‘ಆಫೀಸು’ ಅಂತ ಆ-ಕಾರದಲ್ಲಿ ಬರೆಯುತ್ತೇವೆ. ಅದು ನೋಡಲು ದೀರ್ಘ, ಅಲ್ಲಿ ಹ್ರಸ್ವ. ಸುಲಭದ ದಾರಿ ಅಂದರೆ ಬಾಲಗಳನ್ನು ನೆನಪಿಡುವುದು. ‘ಓಸಿಸ್’ ಬಾಲದ ‘ಓ’ ದೀರ್ಘ. ‘ಲಿಸಿಸ್’ ಬಾಲದ ‘ಲಿ’ ಹ್ರಸ್ವ. ‘ಐಟಿಸ್’ ಬಾಲದ ‘ಐ’ ದೀರ್ಘ. ಹೀಗಾಗಿ ಡಯಾಗ್ನೋಸಿಸ್‌ನಲ್ಲಿ ಒತ್ತು ‘ನೋ’ ಮೇಲೆ, ಡಯಾಲಿಸಿಸ್‌ನಲ್ಲಿ ‘ಯಾ’ ಮೇಲೆ. ಮದ್ರಾಸ್ ಐ ಅಂತ ನಾವು ಕರೆಯುವ ಕಂಜಂಕ್ಟಿವೈಟಿಸ್‌ನಲ್ಲಿ ‘ವೈ’ ಮೇಲೆ.

‘ಓಸಿಸ್’ ಬಾಲ ನಮ್ಮ ಜಿಲ್ಲೆಗೆ ಹೊಸದಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಮನೆಮನೆಗೂ ಗೊತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗೆ ಬರುವುದು ಫ್ಲೋರೋಸಿಸ್. ಒತ್ತು ‘ರೋ’ ಮೇಲೆ. ಈ ಪದದ ಮುಂಭಾಗ ಲ್ಯಾಟಿನ್, ಬಾಲ ಗ್ರೀಕ್. ಕೆಜಿಎಫ್‌ನಲ್ಲಿ ಕಲ್ಲಿನ ದೂಳು ಉಸಿರಾಡಿದ ಗಣಿ ಕಾರ್ಮಿಕರ ಶ್ವಾಸಕೋಶ ಹಾಳು ಮಾಡಿದ್ದು ಸಿಲಿಕೋಸಿಸ್. 2001ರಲ್ಲಿ ಗಣಿ ಮುಚ್ಚಿತು, ಆದರೆ ಅಲ್ಲಿನ ಹಳೆಯ ಕುಟುಂಬಗಳು ಆ ಪದ ಮರೆತಿಲ್ಲ. ದೂಳಿನಿಂದ ಬರುವ ಇಂಥ ಕಾಯಿಲೆಗಳ ಗುಂಪಿಗೆ ನ್ಯೂಮೋಕೋನಿಯೋಸಿಸ್ ಅಂತ ಹೆಸರು. ‘ಕೋನಿಸ್’ ಅಂದರೆ ದೂಳು. ನ್ಯೂ-ಮೋ-ಕೋ-ನಿ-ಓ-ಸಿಸ್, ಆರು ತುಂಡು, ಒತ್ತು ‘ಓ’ ಮೇಲೆ. ಮೊದಲ ಪಿ ಇಲ್ಲೂ ಮೂಕ. ಇದೇ ಪದವನ್ನು ಹಿಗ್ಗಿಸಿ 1935ರಲ್ಲಿ ಅಮೆರಿಕದ ಒಗಟು ಸಂಘದ ಅಧ್ಯಕ್ಷ ಎವೆರೆಟ್ ಸ್ಮಿತ್ 45 ಅಕ್ಷರದ ಒಂದು ಪದ ಕಟ್ಟಿದರು: ನ್ಯೂಮೊನೊ-ಅಲ್ಟ್ರಾ-ಮೈಕ್ರೊಸ್ಕೋಪಿಕ್-ಸಿಲಿಕೊ-ವಾಲ್ಕೆನೊ-ಕೋನಿಯೋಸಿಸ್. ಅಷ್ಟು ಉದ್ದದ ಪದದಲ್ಲೂ ದೊಡ್ಡ ಒತ್ತು ಕೊನೆಯಿಂದ ಎರಡನೆಯ ‘ಓ’ ಮೇಲೇ ಬೀಳುತ್ತದೆ.

ಸೂತ್ರ ಮೀರಿದ ಪದಗಳೂ ಇವೆ. ‘ಬಯಾಪ್ಸಿ’ಯಲ್ಲಿ ನಡುವಿನದು ಗುರು, ಆದರೂ ಒತ್ತು ಮೊದಲನೆಯದರ ಮೇಲೆ. ‘ಎಪಿಲೆಪ್ಸಿ’ಯೂ ಹಾಗೇ, ಒತ್ತು ‘ಎ’ ಮೇಲೆ. ಕೃತಕ ಅಂಗಕ್ಕೆ ಹೇಳುವ ‘ಪ್ರಾಸ್ಥೀಸಿಸ್’ ಗ್ರೀಕಿನಲ್ಲಿ ಹ್ರಸ್ವ ‘ಎ’ ಇದ್ದ ಪದ. ಇಂಗ್ಲಿಷಿನವರು ಅದನ್ನು ‘ಥೀ’ ಅಂತ ಎಳೆದು ಅಲ್ಲೇ ಒತ್ತು ಇಟ್ಟಿದ್ದಾರೆ. ‘ಆಪ್ಟಾಮೆಟ್ರಿ’ಯಲ್ಲಿ ‘ಮೆ’ ಮುಂದೆ ‘ಟ್ರಿ’ ಇದೆ, ನಮ್ಮ ಲೆಕ್ಕದಲ್ಲಿ ಗುರು ಆಗಬೇಕಿತ್ತು. ಆಗುವುದಿಲ್ಲ, ಒತ್ತು ‘ಟಾ’ಗೆ. ರ-ಕಾರ ಸೇರಿದ ಇಂಥ ಹಗುರ ಜೋಡಿಗಳನ್ನು ಲ್ಯಾಟಿನ್ನಿನವರು ಭಾರ ಅಂತ ಎಣಿಸುತ್ತಿರಲಿಲ್ಲ. ಹಳಗನ್ನಡ ಪದ್ಯದಲ್ಲೂ ಒತ್ತಕ್ಷರ ಇದ್ದರೂ ಹಿಂದಿನದು ಗುರು ಆಗದ ಸಂದರ್ಭ ಇದೆ. ಶಿಥಿಲದ್ವಿತ್ವ ಅಂತ ನಿಮ್ಮ ಕನ್ನಡ ಮೇಷ್ಟ್ರು ಹೇಳಿರಬಹುದು.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಅಂದರೆ, ‘ಆಫ್ಥಲ್ಮಾಲಜಿ’ಗೆ ಬೇಕಿಲ್ಲ. ಅದನ್ನು ಹೇಗೆ ಹೇಳಿದರೂ ಕೇಳಿದವರಿಗೆ ಅರ್ಥವಾಗುತ್ತದೆ. ಆದರೆ ನಿಮ್ಮ ವಿಭಾಗದಲ್ಲಿ ತಪ್ಪಾಗಲೇಬಾರದ ಜೋಡಿ ಪದಗಳಿವೆ. ಪಾಪೆ ಕಿರಿದಾಗುವುದು ‘ಮಯೋಸಿಸ್’, ಒತ್ತು ‘ಯೋ’ ಮೇಲೆ. ಪಾಪೆ ಅಗಲವಾಗುವುದು ‘ಮಿಡ್ರಯಸಿಸ್’, ಒತ್ತು ‘ಡ್ರೈ’ ಮೇಲೆ, ಮಿ-ಡ್ರೈ-ಅ-ಸಿಸ್ ಅನ್ನುವ ಹಾಗೆ. ಎರಡೂ ಎಂ ಅಕ್ಷರದಿಂದ ಶುರು, ಎರಡೂ ‘ಸಿಸ್’ನಲ್ಲಿ ಮುಗಿಯುತ್ತವೆ, ಅರ್ಥ ಮಾತ್ರ ಪೂರ್ತಿ ಉಲ್ಟಾ. ಪೈಲೊಕಾರ್ಪಿನ್ ಹನಿ ಪಾಪೆ ಕಿರಿದು ಮಾಡುತ್ತದೆ, ಟ್ರೋಪಿಕಮೈಡ್ ಅಗಲ ಮಾಡುತ್ತದೆ. ಗದ್ದಲದ ಓಪಿಡಿಯಲ್ಲಿ, ಫೋನಿನಲ್ಲಿ, ನಡುವಿನ ತುಂಡು ನುಂಗಿ ಹೇಳಿದರೆ ಕೇಳಿದವರು ತಪ್ಪು ತಿಳಿದುಕೊಳ್ಳಬಹುದು. ‘ಹೈಪೊ’, ‘ಹೈಪರ್’ ಕೂಡ ಇಂಥದ್ದೇ. ಒಂದು ಕಡಿಮೆ, ಇನ್ನೊಂದು ಜಾಸ್ತಿ. ‘ಹೈಪರ್’ನ ‘ರ್’ ಕೇಳುವ ಹಾಗೆ ಹೇಳಿ. ಸಂಶಯ ಬಂದರೆ ಪದ ಬಿಟ್ಟು ‘ಪಾಪೆ ದೊಡ್ಡದಾಗಿದೆ’, ‘ಪ್ರೆಷರ್ ಕಡಿಮೆ ಇದೆ’ ಅಂತ ನೇರವಾಗಿ ಹೇಳಿಬಿಡಿ.

ವೈವಾದ ಬಗ್ಗೆ ಹೆದರಬೇಡಿ. ಪರೀಕ್ಷೆ ಮಾಡುವವರು ನೋಡುವುದು ನಿಮಗೆ ವಿಷಯ ಗೊತ್ತಿದೆಯೋ ಇಲ್ಲವೋ ಅನ್ನುವುದನ್ನು. ನಾಲಿಗೆ ತೊಡರಿದರೆ ಒಮ್ಮೆ ನಿಲ್ಲಿಸಿ, ಐದು ತುಂಡು ಮಾಡಿ ನಿಧಾನವಾಗಿ ಹೇಳಿ. ಓಡಿಸಿಕೊಂಡು ಹೋದರೆ ಇನ್ನೂ ತೊಡರುತ್ತದೆ.

ಸಾಲಿನ ಕೊನೆಯಲ್ಲಿ ಪದ ಹಿಡಿಸದಿದ್ದರೆ, ಕೈಬರಹದಲ್ಲಿ ಮುರಿಯಲೇಬೇಡಿ. ಇಡೀ ಪದವನ್ನು ಮುಂದಿನ ಸಾಲಿಗೆ ಒಯ್ಯಿರಿ. ಮುರಿಯಲೇಬೇಕಾದರೆ ಪಿ-ಎಚ್ ಆದಮೇಲೆ, ಇಲ್ಲವೇ ‘ಥಲ್’ ಆದಮೇಲೆ ಮುರಿಯಿರಿ. ಪಿಯಿಂದ ಎಚ್ ಅನ್ನು, ಟಿಯಿಂದ ಎಚ್ ಅನ್ನು ಬೇರೆ ಮಾಡಬೇಡಿ. ಕೊನೆಯ ‘ಜಿ’ಯನ್ನು ಒಂಟಿಯಾಗಿ ಕೆಳಗೆ ಬಿಡಬೇಡಿ, ಚೆನ್ನಾಗಿ ಕಾಣುವುದಿಲ್ಲ. ಅಮೆರಿಕದ ಮುದ್ರಣದಲ್ಲಿ ಉಚ್ಚಾರ ನೋಡಿ ಮುರಿಯುತ್ತಾರೆ, ಬ್ರಿಟನ್ನಿನ ಹಳೆಯ ಪದ್ಧತಿಯಲ್ಲಿ ಪದದ ಮೂಲ ನೋಡಿ ಮುರಿಯುತ್ತಿದ್ದರು. ಹಾಗಾಗಿ ಎರಡು ಪುಸ್ತಕದಲ್ಲಿ ಎರಡು ಥರ ಕಂಡರೆ ಗಾಬರಿ ಬೇಡ.

ಕನ್ನಡದಲ್ಲಿ ಬರೆಯುವಾಗ ‘ಥ’ ಹಾಕಿ. ಥರ್ಮಾಮೀಟರ್, ಥೈರಾಯ್ಡ್, ಥಿಯೇಟರ್ ಎಲ್ಲದರಲ್ಲೂ ಇಂಗ್ಲಿಷಿನ ಟಿ-ಎಚ್‌ಗೆ ನಾವು ‘ಥ’ವನ್ನೇ ಬಳಸುತ್ತಾ ಬಂದಿದ್ದೇವೆ. ‘ಆಫ್ಥಲ್ಮಾಲಜಿ’ ಅಂತ ಬರೆಯಿರಿ. ರೋಗಿಗಳಿಗಾಗಿ ಬರೆಯುವ ಬೋರ್ಡಾದರೆ ಅದೂ ಬೇಡ, ‘ಕಣ್ಣಿನ ವಿಭಾಗ’ ಅಂತ ದಪ್ಪಕ್ಷರದಲ್ಲಿ ಬರೆದು ಬಾಣದ ಗುರುತು ಹಾಕಿ.